ಗೋಡೆಗೆ ಸಿಗದ ಕಲೆ

ಮಂಗಳೂರಿಗೆ ಬಂದ ನೆಂಟರಿಗೆ ಚಿತ್ರ ತೋರಿಸಬೇಕೆಂದರೆ ಊರಿನವರು ಕರೆದೊಯ್ಯುವ ಜಾಗ ಶತಮಾನದಿಂದ ಬದಲಾಗಿಲ್ಲ. ಕೊಡಿಯಾಲ್‌ಬೈಲಿನ ಏರು ಹತ್ತಿದರೆ ಸಿಗುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅದು. ಜೆಸುಯಿಟ್ ಪಾದ್ರಿಗಳು 1880ರಲ್ಲಿ ಆರಂಭಿಸಿದ ಕಾಲೇಜಿನ ಈ ಪ್ರಾರ್ಥನಾ ಮಂದಿರದ ಗೋಡೆ, ಚಾವಣಿ, ಕಮಾನುಗಳನ್ನು 1899ರಿಂದ 1901ರ ನಡುವೆ ಬಣ್ಣದಲ್ಲಿ ಮುಳುಗಿಸಿದವರು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೆನಿ. ಕೆಲವು ಚಿತ್ರಗಳನ್ನು ಹಸಿ ಗಾರೆಯ ಮೇಲೇ ಬರೆದರು, ಚಾವಣಿಯವನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದು ಕೂರಿಸಿದರು. ರಾಜಕುಮಾರನ ಪಟ್ಟ ಬಿಟ್ಟು ಸನ್ಯಾಸಿಯಾಗಿ, ರೋಮಿನ ಪ್ಲೇಗ್ ರೋಗಿಗಳ ಸೇವೆ ಮಾಡಿದ ಅಲೋಶಿಯಸ್ ಗೊನ್ಜಾಗನ ಕಥೆ ತಲೆಯ ಮೇಲೆ ಹರಡಿಕೊಂಡಿದೆ. ಬೆಂಚಿನಲ್ಲಿ ಕುಳಿತು ಕತ್ತೆತ್ತಿ ನೋಡುವುದು, ಮೆಲುದನಿಯಲ್ಲಿ ಮಾತಾಡುವುದು, ಕೆಳಗೆ ಬರೆದದ್ದನ್ನು ಓದಿ ಮುಂದೆ ಸರಿಯುವುದು: ಕಲೆಯನ್ನು ಹೀಗೆ ನೋಡುವ ರೂಢಿಯನ್ನು ಊರಿನ ಬಹುಪಾಲು ಜನ ಮೊದಲು ಕಲಿತದ್ದು ಇಲ್ಲೇ ಇರಬೇಕು.

ಇದೇ ಕಾಲೇಜಿನಲ್ಲಿ 1913ರಲ್ಲಿ ಫಾದರ್ ಕಿಯಪ್ಪಿ ಎಂಬ ಇನ್ನೊಬ್ಬ ಇಟಾಲಿಯನ್ ಪಾದ್ರಿ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಅಲೋಶಿಯಂ ಎಂದು ಹೆಸರಾದ ಅದರಲ್ಲಿ ಕಲ್ಲು, ನಾಣ್ಯ, ಮೂಳೆಗಳಿಂದ ಹಿಡಿದು ಮಂಗಳೂರಿನ ರಸ್ತೆಗಿಳಿದ ಮೊದಲ ಕಾರಿನವರೆಗೆ ಎಲ್ಲವೂ ಇವೆ. ಪಕ್ಕದ ಬಿಜೈಯಲ್ಲಿ ಕರ್ನಲ್ ವಿ.ಆರ್. ಮಿರಜ್ಕರ್ ತಾಯಿಯ ನೆನಪಿಗೆಂದು ಬಿಟ್ಟುಕೊಟ್ಟ ಹಡಗಿನಾಕಾರದ ಬಂಗ್ಲೆ 1960ರಲ್ಲಿ ಶ್ರೀಮಂತಿಬಾಯಿ ಸರಕಾರಿ ವಸ್ತುಸಂಗ್ರಹಾಲಯವಾಯಿತು. ಹೀಗೆ ಒಂದೂವರೆ ಮೈಲಿಯೊಳಗೆ ನೋಡಲು ಬೇಕಾದಷ್ಟಿದೆ. ಆದರೆ ಈ ಮಣ್ಣಿನ ಜನ ತಾವೇ ಮಾಡಿದ, ತಮ್ಮದೇ ಕಲೆ ಯಾವುದು, ಅದನ್ನು ಎಲ್ಲಿ ನೋಡಬೇಕು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಅದು ಇಲ್ಲವೆಂದಲ್ಲ. ತುಳುನಾಡಿನಲ್ಲಿ ಅದನ್ನು ನೋಡಲು ಬೇರೆಯೇ ಕಟ್ಟಳೆ ಇತ್ತು, ಬೇರೆಯೇ ಹೊತ್ತಿತ್ತು.

ಆ ಕಟ್ಟಳೆಯ ಕೇಂದ್ರ ಗುತ್ತಿನ ಮನೆ, ಅಂದರೆ ಊರಿನ ಯಜಮಾನಿಕೆಯ ಹಿರಿಮನೆ. ಊರಿನ ದೈವದ ಭಂಡಾರ ಇರುತ್ತಿದ್ದದ್ದು ಬಹುಮಟ್ಟಿಗೆ ಗುತ್ತಿನ ಮನೆಯಲ್ಲಿ, ಇಲ್ಲವೇ ಅದಕ್ಕೆಂದೇ ಕಟ್ಟಿದ ಭಂಡಾರಮನೆಯಲ್ಲಿ. ಭಂಡಾರವೆಂದರೆ ಮೊಗ ಎಂಬ ದೈವದ ಮುಖವಾಡ, ಕಡ್ಸಲೆ ಎಂಬ ಕತ್ತಿ, ಮಣಿ, ಚಾಮರ, ಬೆಳ್ಳಿಯ ಆಭರಣ. ವರ್ಷದ ಮುನ್ನೂರ ಚಿಲ್ಲರೆ ದಿನ ಅವು ಬೀಗದೊಳಗೆ. ದೈವದ ಉತ್ಸವವಾದ ನೇಮದ ಸಂಜೆ ದೀವಟಿಗೆ, ವಾದ್ಯದೊಂದಿಗೆ ಭಂಡಾರ ಹೊರಟು ಗುಡಿಗೋ ಸಾನಕ್ಕೋ ಬಂದು, ಬೆಳಗಾಗುವಷ್ಟರಲ್ಲಿ ಮತ್ತೆ ಒಳಗೆ. ಯಾರು ಹೊರಬೇಕು, ಯಾರು ಮುಟ್ಟಬಹುದು, ಯಾರು ಎಷ್ಟು ದೂರ ನಿಲ್ಲಬೇಕು ಎಂಬುದೆಲ್ಲ ಮೊದಲೇ ಗೊತ್ತಿರುವ ವಿಷಯ. ಜಾತಿಯ ಮೆಟ್ಟಿಲುಗಳೂ ಅದರಲ್ಲಿ ಸ್ಪಷ್ಟವಾಗಿ ಕೆತ್ತಲ್ಪಟ್ಟಿದ್ದವು.

ಕೊಡಿಯಾಲ್‌ಬೈಲಿನ ಮಗ್ಗುಲಲ್ಲೇ, ಬಲ್ಲಾಳ್‌ಬಾಗ್‌ನಲ್ಲಿ ಇಂಥದ್ದೊಂದು ಗುತ್ತಿನ ಮನೆ ಇವತ್ತು ಗ್ಯಾಲರಿಯಾಗಿದೆ. ಕೊಡಿಯಾಲ್‌ಗುತ್ತು ಕಲೆ ಮತ್ತು ಸಂಸ್ಕೃತಿ ಕೇಂದ್ರವೆಂಬ ಹೆಸರಿನಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟಾಕ್‌ನ ಮಂಗಳೂರು ಶಾಖೆ ಮತ್ತು ಆರ್ಟ್ ಕೆನರಾ ಟ್ರಸ್ಟ್ ಅಲ್ಲಿ ಚಿತ್ರಪ್ರದರ್ಶನ, ಉಪನ್ಯಾಸ, ಕಮ್ಮಟಗಳನ್ನು ನಡೆಸುತ್ತವೆ. ಯಾರು ಬೇಕಾದರೂ ಹೊಸಿಲು ದಾಟಿ ಒಳಗೆ ಬಂದು ಗೋಡೆಯ ಚಿತ್ರಗಳ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಗುತ್ತಿನ ಮನೆಯ ಒಳಗೆ ಹೀಗೆ ನಿರಾಳವಾಗಿ ಅಡ್ಡಾಡುವುದು ನೂರು ವರ್ಷದ ಹಿಂದೆ ಅರ್ಧ ಊರಿಗೆ ಸಾಧ್ಯವಿರಲಿಲ್ಲ. ಸಾಂಪ್ರದಾಯಿಕ ಕಲೆ ಬೀಗದ ಕೋಣೆಯಿಂದ ಬೆಳಕಿನ ಕೋಣೆಗೆ ಬಂದ ದಾರಿಯ ಚರಿತ್ರೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಆ ದಾರಿಯಲ್ಲಿ ಯಾವುದು ಬಂತು, ಯಾವುದು ಬರಲೇ ಇಲ್ಲ ಎಂಬುದು ಇನ್ನೂ ಮುಖ್ಯ.

ಮೊದಲು ಹಂದಿರೂಪದ ದೈವ ಪಂಜುರ್ಲಿಯ ಮೊಗವೊಂದನ್ನು ಹತ್ತಿರದಿಂದ ನೋಡೋಣ. ಕಂಚಿನದೋ ಹಿತ್ತಾಳೆಯದೋ ಎರಕ. ಹಂದಿಯ ಮುಖ ಮುಂದಕ್ಕೆ ಚಾಚಿದೆ, ಕಿವಿಗಳು ನೆಟ್ಟಗೆ ನಿಂತಿವೆ, ಕೋರೆ ಹೊರಬಂದಿದೆ, ಕಣ್ಣುಗುಡ್ಡೆ ಉಬ್ಬಿದೆ. ಹಣೆಯ ಮೇಲೆ ಬಳ್ಳಿಯ ಸುರುಳಿ, ಕೆಲವುಗಳಲ್ಲಿ ಹೆಡೆಯೆತ್ತಿದ ಸರ್ಪ. ತಿರುಗಿಸಿದರೆ ಹಿಂಬದಿ ಟೊಳ್ಳು. ಅಂಚಿನಲ್ಲಿ ದಾರ ಪೋಣಿಸಲು ತೂತುಗಳು. ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು ಇದರ ಕ್ರಮ. ಎರಕ ತಣ್ಣಗಾದ ಮೇಲೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದು ಮೊಗದ ಹಾಗೆ ಇನ್ನೊಂದು ಇರುವುದಿಲ್ಲ. ಜುಮಾದಿಯ ಮೊಗಕ್ಕೆ ನಾಲಿಗೆ ಹೊರಚಾಚಿರುತ್ತದೆ, ಮೈಸಂದಾಯನಿಗೆ ಕೋಣದ ಮುಖ. ಇಷ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬಹುದು, ತೋರಿಸುತ್ತಾರೆ ಕೂಡ. ಯುರೋಪ್, ಅಮೆರಿಕದ ದೊಡ್ಡ ಸಂಗ್ರಹಾಲಯಗಳಲ್ಲಿ ತುಳುನಾಡಿನ ಮೊಗಗಳಿಗೆ ಒಳ್ಳೆಯ ಬೆಳಕು, ಒಳ್ಳೆಯ ಪೀಠ ಸಿಕ್ಕಿದೆ.

ಆದರೆ ನೇಮದ ರಾತ್ರಿ ಮೊಗ ಬರುವುದು ಒಂದು ಘಟ್ಟದಲ್ಲಿ ಮಾತ್ರ. ಅದಕ್ಕೆ ಮೊದಲು ಗಂಟೆಗಟ್ಟಲೆ ಇನ್ನೊಂದು ಕಲೆ ನಡೆದಿರುತ್ತದೆ. ಎಣ್ಣೆ ಬೂಳ್ಯ, ಅಂದರೆ ಎಣ್ಣೆ ಮತ್ತು ವೀಳ್ಯ, ಸ್ವೀಕರಿಸಿದ ಕಲಾವಿದ ಮಿಂದು ಬಂದು ಬಣ್ಣಕ್ಕೆ ಕೂರುತ್ತಾನೆ. ಅರದಾಳದ ಹಳದಿ ಮುಖಕ್ಕೆ ಮೊದಲ ಲೇಪ. ಅದರ ಮೇಲೆ ಕಪ್ಪು, ಕೆಂಪು, ಬಿಳಿಯಲ್ಲಿ ಗೆರೆ, ಚುಕ್ಕೆ. ಯಾವ ದೈವಕ್ಕೆ ಯಾವ ಬರವಣಿಗೆ ಎಂಬುದು ಕೈಗೇ ಗೊತ್ತು. ಹತ್ತಿರದಲ್ಲಿ ಮನೆಯವರು ದೈವದ ಕಥೆಯ ಹಾಡಾದ ಪಾಡ್ದನ ಹೇಳುತ್ತಾ ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತಿರುತ್ತಾರೆ. ಇನ್ನೊಂದು ಕಡೆ ಎಳೆಯ ತೆಂಗಿನ ಗರಿಯನ್ನು ಉಗುರಿನಷ್ಟು ಸಪೂರಕ್ಕೆ ಸೀಳಿ ಸೊಂಟಕ್ಕೆ ಸುತ್ತುವ ಸಿರಿ ಸಿದ್ಧವಾಗುತ್ತದೆ. ಬೆನ್ನಿಗೆ ಕಟ್ಟುವ ಅಣಿಗೆ ಬಿದಿರು, ಅಡಕೆಯ ಸಲಾಕೆ, ಹಾಳೆ, ಗರಿ. ಆಳೆತ್ತರದ್ದೂ ಉಂಟು, ಅದಕ್ಕೂ ಮಿಗಿಲಾದದ್ದೂ ಉಂಟು. ಅದನ್ನು ಹೊತ್ತು ಗಗ್ಗರವೆಂಬ ಕಾಲಂದುಗೆ ಕಟ್ಟಿದ ಕಾಲಲ್ಲಿ ಕುಣಿಯಬೇಕು. ಬೆಳಗಾದ ಮೇಲೆ ಬಣ್ಣ ಎಣ್ಣೆಯಲ್ಲಿ ಒರೆಸಿ ಹೋಗುತ್ತದೆ, ಸಿರಿ ಬಾಡುತ್ತದೆ. ಮರುವರ್ಷ ಎಲ್ಲವೂ ಹೊಸತು.

ಈ ಎರಡನೆಯ ಕಲೆಯನ್ನು ಬಲ್ಲವರು ನಲಿಕೆ, ಪಂಬದ, ಪರವ ಸಮುದಾಯದವರು. ಲೋಹದ ಮೊಗ ಎರಕ ಹೊಯ್ದವರು, ಮರದ ಮೂರ್ತಿ ಕೆತ್ತಿದವರು ಆಚಾರಿಗಳು. ಗುತ್ತಿನವರು ಮಾಡಿಸಿದವರು, ಕಾಪಾಡಿದವರು. ಹಾಗೆ ನೋಡಿದರೆ ಒಂದು ನೇಮದಲ್ಲಿ ಎರಡು ಬಗೆಯ ಕಲಾವಸ್ತುಗಳಿರುತ್ತವೆ: ಉಳಿಯುವಂಥವು, ಅಳಿಯುವಂಥವು. ವಸ್ತುಸಂಗ್ರಹಾಲಯ ಎಂಬ ಸಂಸ್ಥೆ ತುಳುನಾಡಿಗೆ ಕೈಚಾಚಿದಾಗ ಅದರ ಕೈಗೆ ಸಿಕ್ಕಿದ್ದು ಮೊದಲನೆಯದು ಮಾತ್ರ. ಅಳಿಯುವ ಕಲೆ ಸಂಗ್ರಹಕ್ಕೆ ಬರಲಿಲ್ಲ, ಅದರೊಂದಿಗೆ ಅದರ ಕಲಾವಿದರೂ ಬರಲಿಲ್ಲ.

ಕೈಚಾಚಿದವರಲ್ಲಿ ಮೊದಲಿಗರು ಬಾಸೆಲ್ ಮಿಶನ್‌ನವರು. 1834ರಲ್ಲಿ ಮಂಗಳೂರಿಗಿಳಿದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರಿಂದ ಆರಂಭವಾದ ಈ ಮಿಶನ್ ಮುದ್ರಣಾಲಯ, ಶಾಲೆ, ನೇಯ್ಗೆ, ಹೆಂಚಿನ ಕಾರ್ಖಾನೆಗಳಿಂದ ಊರಿನ ಚಹರೆಯನ್ನೇ ಬದಲಿಸಿತು. ಮತಾಂತರವಾದ ಮನೆಗಳವರು ಬಿಟ್ಟುಕೊಟ್ಟ ದೈವದ ವಸ್ತುಗಳಲ್ಲಿ ಕೆಲವನ್ನು ಪಾದ್ರಿಗಳು ಸ್ವಿಟ್ಜರ್ಲೆಂಡಿನ ಬಾಸೆಲಿಗೆ ಕಳಿಸಿದರು. ಅಲ್ಲಿ ಅವು ಗೆದ್ದ ಯುದ್ಧದ ಕುರುಹುಗಳ ಹಾಗೆ ನಿಂತವು. ಮಿಶನ್ನಿನ ಸಂಗ್ರಹ ಈಗ ಆ ನಗರದ ಸಂಸ್ಕೃತಿಗಳ ಸಂಗ್ರಹಾಲಯಕ್ಕೆ ಸೇರಿದೆ. ಪಾದ್ರಿಗಳ ಮನಸ್ಸಿನಲ್ಲಿದ್ದದ್ದು ತಿರಸ್ಕಾರವೊಂದೇ ಎಂದರೆ ಅನ್ಯಾಯವಾದೀತು. ಅವರಲ್ಲೊಬ್ಬನಾದ ಆಗಸ್ಟ್ ಮೆನ್ನರ್ 1886ರಲ್ಲಿ ತುಳು ಪಾಡ್ದನಗಳನ್ನು ಕೂಡಿಸಿ ಮಿಶನ್ ಪ್ರೆಸ್ಸಿನಲ್ಲೇ ಅಚ್ಚುಹಾಕಿಸಿದ. ಯಾವುದನ್ನು ಇಲ್ಲವಾಗಿಸಲು ಬಂದಿದ್ದರೋ ಅದನ್ನೇ ಇಷ್ಟು ಶ್ರದ್ಧೆಯಿಂದ ಬರೆದಿಟ್ಟರು!

ಮಂಗಳೂರಿನಲ್ಲಿ ಕೆಲಸ ಮಾಡಿದ್ದ ಮದರಾಸು ಸಿವಿಲ್ ಸರ್ವಿಸಿನ ಎ.ಸಿ. ಬರ್ನೆಲ್ ಕೂಡ ಭೂತಾರಾಧನೆಯ (ಭೂತವೆಂದರೂ ದೈವವೇ) ಪಾಡ್ದನ, ವಿವರಗಳನ್ನು ಕಲೆಹಾಕಿದ್ದ. 1882ರಲ್ಲಿ ಆತ ತೀರಿಕೊಂಡ ಮೇಲೆ ರಿಚರ್ಡ್ ಟೆಂಪಲ್ ಅವನ್ನು ತಿದ್ದಿ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕಂತುಕಂತಾಗಿ ಪ್ರಕಟಿಸಿದ. ತಲೆಬರಹದಲ್ಲಿ ದೈವಕ್ಕೆ ದೆವ್ವವೆಂದೇ ಹೆಸರು. ಆ ಕಂತುಗಳು ಮುಗಿದ ಎರಡೇ ವರ್ಷಕ್ಕೆ ಮೊಸ್ಕೆನಿ ಕೊಡಿಯಾಲ್‌ಬೈಲಿನ ಗುಡ್ಡದ ಮೇಲೆ ಕುಂಚ ಹಿಡಿದರು. ಒಂದೇ ದಶಕದಲ್ಲಿ ಒಂದೇ ಊರಿನ ಒಂದು ಚಿತ್ರಪರಂಪರೆ ಕಲೆಯೆಂದೂ ಇನ್ನೊಂದು ಮಾನವಶಾಸ್ತ್ರದ ಸರಕೆಂದೂ ದಾಖಲಾಯಿತು. ಈ ವಿಂಗಡಣೆ ಅಳಿಸಲು ಮುಂದೆ ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು, ಪೂರ್ತಿ ಅಳಿಸಿದೆಯೆಂದು ಈಗಲೂ ಹೇಳುವಂತಿಲ್ಲ.

ಅಳಿಸಲು ಹೊರಟವರಲ್ಲಿ ಮಂಗಳೂರಿನ ಹೆಣ್ಣುಮಗಳೊಬ್ಬರಿದ್ದರು. 1903ರಲ್ಲಿ ಇಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, ಸ್ವಾತಂತ್ರ್ಯ ಹೋರಾಟದ ನಂತರ ಅಧಿಕಾರದ ಕುರ್ಚಿಗಳ ಕಡೆ ಹೋಗದೆ ಕುಶಲಕರ್ಮಿಗಳ ಕಡೆ ಹೋದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಆ ಮಂಡಳಿ ಐವತ್ತರ ದಶಕದಲ್ಲಿ ಕೂಡಿಡಲು ತೊಡಗಿದ ವಸ್ತುಗಳೇ ಬೆಳೆದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವಾಯಿತು. ಪ್ರಗತಿ ಮೈದಾನದ ಪಕ್ಕ, ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಅಂಗಳಗಳ ಕಟ್ಟಡದಲ್ಲಿ ಅದು ಇವತ್ತು ಇದೆ. ಅಲ್ಲಿಗೆ ಹೋದ ಕರಾವಳಿಯವರು ತಟ್ಟನೆ ನಿಂತುಬಿಡುವ ಜಾಗವೆಂದರೆ ಭೂತಗಳ ವಿಭಾಗ.

ಅವು ಉಡುಪಿ ಜಿಲ್ಲೆಯ ಶಿರಿಯಾರದ ಹತ್ತಿರದ ಮೆಕ್ಕೆಕಟ್ಟಿನವು. ಅಲ್ಲಿನ ನಂದಿಕೇಶ್ವರ ದೇವಸ್ಥಾನದಲ್ಲಿ ಮರದ ಭೂತಮೂರ್ತಿಗಳ ದೊಡ್ಡ ಪರಿವಾರವೇ ಇದೆ. ಮೀಸೆ ತಿರುವಿದ ವೀರರು, ಕುದುರೆಯೇರಿದವರು, ಎದೆಯುಬ್ಬಿಸಿ ನಿಂತ ಹೆಣ್ಣುದೈವಗಳು, ಪ್ರಾಣಿಮುಖದವರು. ಕೆಲವು ಆಳಿಗಿಂತ ಎತ್ತರ. ಮರ ಎಷ್ಟೇ ಗಟ್ಟಿಯಾದರೂ ಕರಾವಳಿಯ ಮಳೆಗೆ, ಗೆದ್ದಲಿಗೆ ಒಂದು ದಿನ ಸೋಲುತ್ತದೆ. ಜೀರ್ಣವಾದ ಮೂರ್ತಿಯಿಂದ ದೈವದ ಸಾನ್ನಿಧ್ಯವನ್ನು ಹೊಸದಕ್ಕೆ ಕರೆಸಿ, ಹಳೆಯದನ್ನು ನೀರಿಗೆ ಬಿಡುವುದೋ ಕಾಡಿನಲ್ಲಿ ಮಣ್ಣಾಗಲು ಬಿಡುವುದೋ ನಾಡಿನ ವಾಡಿಕೆ. ಮೆಕ್ಕೆಕಟ್ಟಿನಲ್ಲಿ ಮೂರ್ತಿಗಳ ನವೀಕರಣವಾದಾಗ ಹಳೆಯವು ಹಾಗೆ ಮಣ್ಣಾಗದೆ ದೆಹಲಿಗೆ ಪ್ರಯಾಣ ಮಾಡಿದವು.

ಎರಡೂ ಕಡೆ ಹೋಗಿ ನೋಡಿದವರಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೆಕ್ಕೆಕಟ್ಟಿನಲ್ಲಿ ಈಗಿರುವವು ಹೊಳೆಯುವ ಕೆಂಪು ಬಣ್ಣದಲ್ಲಿ, ಕಣ್ಣರಳಿಸಿಕೊಂಡು, ಸಾಲಾಗಿ, ಒತ್ತೊತ್ತಾಗಿ ನಿಂತಿವೆ. ಜನ ಹರಕೆ ಹೊತ್ತು ಬರುತ್ತಾರೆ. ಹೂವು, ಎಣ್ಣೆ, ಹೊಗೆಯ ವಾಸನೆ. ದೆಹಲಿಯಲ್ಲಿರುವವು ಬಣ್ಣ ಬಹುಮಟ್ಟಿಗೆ ಹೋಗಿ, ಮರದ ಎಳೆ ಎದ್ದು, ಬಿರುಕು ಬಿಟ್ಟು, ಒಂದರಿಂದ ಒಂದು ದೂರ ನಿಂತಿವೆ. ಆಧುನಿಕ ಶಿಲ್ಪ ನೋಡಿ ಪಳಗಿದ ಕಣ್ಣಿಗೆ ಈ ಬಣ್ಣಗೆಟ್ಟ ಮರವೇ ಹೆಚ್ಚು ಚೆಂದ, ಅದೇ ‘ಅಸಲಿ’. ಮಾಡಿದ ಆಚಾರಿಗೆ ಕೇಳಿದ್ದರೆ ಅವನು ಖಂಡಿತ ಬಣ್ಣ ಹಚ್ಚಿದ್ದನ್ನೇ ತೋರಿಸುತ್ತಿದ್ದ. ಭಾರತದ ಜಾನಪದ ಶಿಲ್ಪದ ಮೇಲಿನ ಯಾವ ಚಿತ್ರಪುಸ್ತಕ ತೆರೆದರೂ ಇಣುಕುವ ಈ ಮೂರ್ತಿಗಳು ನಮ್ಮ ಕರಾವಳಿಯನ್ನು ಕಲಾಲೋಕಕ್ಕೆ ಪರಿಚಯಿಸಿದವು, ನಿಜ. ಆದರೆ ಪರಿಚಯವಾದದ್ದು ಅವುಗಳ ಮುಪ್ಪಿನ ಚಹರೆ.

ಕಮಲಾದೇವಿಯವರ ಕಾಲಕ್ಕೆ ಕರ್ನಾಟಕದೊಳಗೂ ಗಾಳಿ ತಿರುಗಿತ್ತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು, ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಊರೂರು ಅಲೆದು ಅದಕ್ಕೆ ವಸ್ತು ತಂದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಜಾನಪದ ಕೇಂದ್ರದಿಂದ ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ದಂಪತಿಯ ಭೂತಾರಾಧನೆಯ ಅಧ್ಯಯನ 1984ರಲ್ಲಿ ಹೊರಬಂತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಪಾರಂಪರಿಕ ಗ್ರಾಮದಲ್ಲಿ ಜನಪದ ದೈವಗಳಿಗೂ ಜಾಗ ಸಿಕ್ಕಿತು. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ ನೇಗಿಲು, ಕಳಸೆ, ತೊಟ್ಟಿಲು, ಕತ್ತಿಗಳಿಂದ ತುಂಬಿದೆ. ಪಿಲಿಕುಳದಲ್ಲಂತೂ ಗುತ್ತಿನ ಮನೆಯನ್ನೇ ಹೊಸದಾಗಿ ಕಟ್ಟಿ ತೋರಿಸಿದ್ದಾರೆ.

ಇತ್ತ ಆಧುನಿಕರ ಕಥೆ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಶಾಲೆ, ಪ್ಯಾರಿಸ್ ಎರಡನ್ನೂ ಕಂಡು ಬಂದವರು. ಕುಣಿತದ ಲಯವನ್ನು ಒಂದೇ ಗೆರೆಯಲ್ಲಿ ಹಿಡಿಯುವ ಅವರ ರೇಖಾಚಿತ್ರಗಳ ಹಿಂದೆ ಹುಟ್ಟೂರಿನ ದೈವದ ಕೋಲ, ಯಕ್ಷಗಾನಗಳ ನೆನಪು ಇಲ್ಲವೆಂದು ಯಾರು ಹೇಳಬಲ್ಲರು? ಆದರೆ ಹೆಬ್ಬಾರರ ವೃತ್ತಿ ನಡೆದದ್ದು ಮುಂಬಯಿಯಲ್ಲಿ. ಮಂಗಳೂರಿನಲ್ಲಿ ಉಳಿದ ಚಿತ್ರಕಾರರು ಬಹುಕಾಲ ಪಾಠ ಹೇಳಿ, ಭಾವಚಿತ್ರ ಬರೆದು, ನಾಟಕದ ಪರದೆ, ಅಂಗಡಿಯ ಬೋರ್ಡುಗಳ ನಡುವೆ ತಮ್ಮ ಕಲೆಗೆ ಹೊತ್ತು ಹೊಂದಿಸಿಕೊಂಡರು. ಬಿ.ಜಿ. ಮಹಮ್ಮದ್ ಅವರ ಕಲಾಶಾಲೆ ತಲೆಮಾರುಗಳನ್ನು ತಯಾರು ಮಾಡಿತು. ಬಲ್ಲಾಳ್‌ಬಾಗ್‌ನಲ್ಲಿ ಕೋಟಿಪ್ರಸಾದ್ ಆಳ್ವರ ಪ್ರಸಾದ್ ಆರ್ಟ್ ಗ್ಯಾಲರಿ, ಕಲಾವಿದರೇ ಕೂಡಿ ಕಟ್ಟಿಕೊಂಡ ಕರಾವಳಿ ಚಿತ್ರಕಲಾ ಚಾವಡಿ, ಇವೆಲ್ಲ ಊರಿಗೆ ಪ್ರದರ್ಶನ ನೋಡುವ ಅಭ್ಯಾಸ ಹಚ್ಚಿದವು. ಇಲ್ಲಿನ ಯಾವ ಗುಂಪು ಪ್ರದರ್ಶನಕ್ಕೆ ಹೋದರೂ ಒಂದಾದರೂ ಅಣಿ, ಒಂದಾದರೂ ಗಗ್ಗರದ ಕಾಲು, ಕೆಂಪು ಹಿನ್ನೆಲೆಯಲ್ಲಿ ಒಂದು ಉರಿಗಣ್ಣು ಸಿಗದೆ ಇರದು. ಕೆಲವುಗಳಲ್ಲಿ ನಿಜವಾದ ಹುಡುಕಾಟವಿದೆ. ಹಲವುಗಳಲ್ಲಿ ನೋಡುಗನಿಗೆ ಗೊತ್ತಿರುವುದನ್ನೇ ಮತ್ತೆ ಕೊಡುವ ಸಲೀಸುತನ.

ಎಂಬತ್ತರ ದಶಕದಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ ನಡೆದದ್ದನ್ನು ಇದರ ಪಕ್ಕ ಇಟ್ಟು ನೋಡಬೇಕು. 1982ರಲ್ಲಿ ಭೋಪಾಲದ ಭಾರತ ಭವನದಲ್ಲಿ ಜೆ. ಸ್ವಾಮಿನಾಥನ್ ನಗರದ ಚಿತ್ರಕಾರರ ಕೃತಿಗಳನ್ನೂ ಆದಿವಾಸಿಗಳ ಕೃತಿಗಳನ್ನೂ ಒಂದೇ ಸೂರಿನಡಿ ಸರಿಸಮವಾಗಿ ತೂಗುಹಾಕಿದರು. ಪಾಟನ್‌ಗಢದ ಗೋಂಡ ಹುಡುಗ ಜನಗಢ ಸಿಂಗ್ ಶ್ಯಾಮ್ ಮನೆಯ ಗೋಡೆಯಿಂದ ಕಾಗದಕ್ಕೆ ಬಂದದ್ದು ಅಲ್ಲಿಂದಲೇ. 1989ರಲ್ಲಿ ಪ್ಯಾರಿಸ್ಸಿನ ‘ಮ್ಯಾಜಿಸಿಯಾನ್ ದ ಲಾ ತೇರ್’ ಪ್ರದರ್ಶನದಲ್ಲಿ ಅವನ ಹೆಸರು, ಮಿಥಿಲೆಯ ಬೌವಾದೇವಿಯ ಹೆಸರು ಜಗತ್ತಿನ ದೊಡ್ಡ ಕಲಾವಿದರ ಪಟ್ಟಿಯಲ್ಲಿದ್ದವು. ಮಹಾರಾಷ್ಟ್ರದ ಜಿವ್ಯಾ ಸೋಮ ಮಶೆಯವರ ಕೈಯಲ್ಲಿ ವರ್ಲಿ ಚಿತ್ರ ಇದೇ ರೀತಿ ಗುಡಿಸಲ ಗೋಡೆಯಿಂದ ಹೊರಬಂದು, 2011ರಲ್ಲಿ ಅವರಿಗೆ ಪದ್ಮಶ್ರೀ ತಂದಿತು. ನಮ್ಮಲ್ಲೇ ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ ಪುಂಡಿನಾರಿನ ಕುಂಚದಲ್ಲಿ ಬರೆಯುತ್ತಿದ್ದ ಹಸೆ ಚಿತ್ತಾರವೂ ಚೌಕಟ್ಟಿನೊಳಗೆ ಬಂದು ನಗರ ಕಂಡಿತು.

ತುಳುನಾಡಿನಿಂದ ಅಂಥ ಒಬ್ಬ ಜನಗಢ ಯಾಕೆ ಬರಲಿಲ್ಲ? ಪ್ರತಿಭೆಯ ಕೊರತೆಯಂತೂ ಅಲ್ಲ. ಗೋಂಡ, ವರ್ಲಿ, ಹಸೆ ಎಲ್ಲವೂ ಗೋಡೆಯ ಮೇಲಿನ ಕಲೆ. ಗೋಡೆಯಿಂದ ಕಾಗದಕ್ಕೆ ಒಂದೇ ಹೆಜ್ಜೆ. ಇಲ್ಲಿನದು ಮೈಮೇಲಿನ ಕಲೆ. ನಲಿಕೆಯವರ ಮುಖವರ್ಣಿಕೆಯನ್ನು ಕಾಗದಕ್ಕೆ ಇಳಿಸಿದರೆ ಮುಖ ಹೋಗುತ್ತದೆ, ರಾತ್ರಿ ಹೋಗುತ್ತದೆ, ಗಗ್ಗರದ ಸದ್ದು ಹೋಗುತ್ತದೆ. ಜೊತೆಗೆ ಅದು ಹೊಟ್ಟೆಪಾಡಿನ ಕಸುಬು ಮಾತ್ರವಾಗಿರದೆ ಒಂದು ಹಕ್ಕು, ಒಂದು ಚಾಕರಿ, ಒಂದು ಪಾವಿತ್ರ್ಯ ಕೂಡ. ಕಟ್ಟಳೆಯ ಹೊರಗೆ ತೋರಿಸುವಂತಿಲ್ಲ.

ತೋರಬಾರದ್ದನ್ನು ತೋರಿಸುವ ಬಿಕ್ಕಟ್ಟು ಬೇರೆಡೆಯೂ ಎದ್ದಿದೆ. 1971ರಲ್ಲಿ ಆಸ್ಟ್ರೇಲಿಯಾದ ನಡುಮರುಭೂಮಿಯ ಪಾಪುನ್ಯಾದಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾಮೇಷ್ಟ್ರು ಬಣ್ಣ ಕೊಟ್ಟಾಗ ಅಲ್ಲಿನ ಹಿರಿಯರು ನೆಲದ ಮೇಲೆ, ಮೈಮೇಲೆ ಬರೆಯುತ್ತಿದ್ದ ಆಚರಣೆಯ ಆಕೃತಿಗಳನ್ನು ಹಲಗೆಗೆ ಇಳಿಸಿದರು. ದೀಕ್ಷೆಯಿಲ್ಲದವರು ನೋಡಕೂಡದ ರೂಪಗಳೂ ಅದರಲ್ಲಿದ್ದವು. ಸುತ್ತಲಿನ ಸಮುದಾಯಗಳು ಸಿಟ್ಟಾದವು. ಮುಂದಿನ ಚಿತ್ರಗಳಲ್ಲಿ ಗುಟ್ಟಿನ ಆಕೃತಿಗಳು ಹಿಂದೆ ಸರಿದು ಚುಕ್ಕೆಗಳ ರಾಶಿ ಮುಂದೆ ಬಂತು. ಇವತ್ತು ಜಗತ್ತೆಲ್ಲ ಮೆಚ್ಚುವ ಆ ಚುಕ್ಕೆಚಿತ್ರಗಳಲ್ಲಿ ಮುಚ್ಚಿಡುವ ಕಲೆಯೂ ಸೇರಿದೆ. ಆ ಮೊದಲ ಹಲಗೆಗಳಲ್ಲಿ ಕೆಲವನ್ನು ಅಲ್ಲಿನ ಸಂಗ್ರಹಾಲಯಗಳು ಈಗಲೂ ಸಾರ್ವಜನಿಕರಿಗೆ ತೋರಿಸುವುದಿಲ್ಲ. ಭಂಡಾರದ ಬೀಗ ಬಲ್ಲ ತುಳುವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರಾವಳಿಯ ಆದಿವಾಸಿ ಕಲೆಯೆಂದು ಕಟ್ಟುನಿಟ್ಟಾಗಿ ಕರೆಯುವುದಾದರೆ ಮೊದಲು ಹೇಳಬೇಕಾದ ಹೆಸರು ಕೊರಗರದ್ದು. ಕೇಂದ್ರ ಸರಕಾರ ವಿಶೇಷ ದುರ್ಬಲ ಬುಡಕಟ್ಟೆಂದು ಗುರುತಿಸಿದ ಕರ್ನಾಟಕದ ಎರಡು ಸಮುದಾಯಗಳಲ್ಲಿ ಇದೊಂದು, ಇನ್ನೊಂದು ಜೇನುಕುರುಬರದ್ದು. ಬಿದಿರು, ಬೆತ್ತ, ಕಾಡುಬಳ್ಳಿಯಿಂದ ಅವರು ಹೆಣೆಯುವ ಬುಟ್ಟಿ, ತಡ್ಪೆ, ತೊಟ್ಟಿಲುಗಳಿಲ್ಲದೆ ಇಲ್ಲಿನ ಗದ್ದೆ, ಅಂಗಳ, ಬಾಣಂತಿಕೋಣೆ ಯಾವುದೂ ನಡೆಯುತ್ತಿರಲಿಲ್ಲ. ಬಳ್ಳಿಯ ಬುಟ್ಟಿಯೊಂದನ್ನು ಎತ್ತಿ ನೋಡಿದರೆ ತಳದ ನಕ್ಷತ್ರದಿಂದ ಎಳೆಗಳು ಮೇಲೇರಿ, ಅಂಚಿನಲ್ಲಿ ಜಡೆಯಾಗಿ ಮುಗಿಯುವ ಲೆಕ್ಕ ಕಾಣುತ್ತದೆ. ಡೋಲು, ಕೊಳಲು ಅವರ ಕೈಯಲ್ಲಿ ನುಡಿಯುತ್ತಿದ್ದ ರೀತಿಯೂ ಹೆಸರಾದದ್ದೇ. ಅದೇ ಡೋಲನ್ನು ಕಂಬಳ, ಜಾತ್ರೆಗಳಲ್ಲಿ ಬಿಟ್ಟಿಯಾಗಿ ಬಾರಿಸಬೇಕೆಂಬ ಬಲವಂತವೂ, ಅಜಲು ಎಂಬ ಅವಮಾನದ ಪದ್ಧತಿಯೂ ಅವರ ಬೆನ್ನಿಗಿದ್ದವು. ಅಜಲನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ ಎಂಬುದನ್ನು ಮರೆಯಬಾರದು.

ಮೈಮೇಲಿನ ಕಲೆಯಲ್ಲಿ ನಗರಕ್ಕೆ ಒಗ್ಗಿಕೊಂಡು 21ನೆಯ ಶತಮಾನದಲ್ಲೂ ಬೆಳೆಯುತ್ತಲೇ ಇರುವುದು ಪಿಲಿವೇಷ, ಅಂದರೆ ಹುಲಿವೇಷ. ನವರಾತ್ರಿಗೆ ಮೊದಲು ಊದು ಪೂಜೆಯಾಗಿ, ಹುಡುಗರು ಮೈ ಬೋಳಿಸಿಕೊಂಡು ರಾತ್ರಿಯಿಡೀ ನಿಲ್ಲುತ್ತಾರೆ. ಮೊದಲು ಇಡೀ ಮೈಗೆ ಹಳದಿಯ ಅಸ್ತರು. ಅದು ಒಣಗುವವರೆಗೆ ಕೈ ಮೈಗೆ ತಾಗದಂತೆ ಕೋಲು ಹಿಡಿದು ನಿಲ್ಲಬೇಕು. ಆಮೇಲೆ ಪಟ್ಟೆಯೋ ಚುಕ್ಕೆಯೋ, ಹೊಟ್ಟೆಯ ಮೇಲೆ ಹುಲಿಯ ಮುಖವೋ. ಪೈಂಟು ಚರ್ಮವನ್ನು ಎಳೆಯುತ್ತದೆ, ಉರಿಸುತ್ತದೆ, ಕುಣಿಯುವವರು ದೂರುವುದಿಲ್ಲ. ಬಣ್ಣ ಹಾಕುವವರಲ್ಲಿ ಹೆಸರುವಾಸಿಗಳಿದ್ದಾರೆ, ಇಂಥ ತಂಡಕ್ಕೆ ಇಂಥವರದೇ ಕೈ ಎಂದು ಗುರುತಿಸುವ ರಸಿಕರೂ ಇದ್ದಾರೆ. ಸ್ಪ್ರೇ ಬಂದ ಮೇಲೆ ಕುಂಚದ ಕೆಲಸ ಕಡಿಮೆಯಾಯಿತೆಂದು ಹಳಬರು ಗೊಣಗುತ್ತಾರೆ. ಶೈಲಿ, ಕೈಚಳಕ, ಪರಂಪರೆ, ವಿಮರ್ಶೆ ಎಲ್ಲವೂ ಇರುವ ಈ ಚಿತ್ರಕಲೆಗೆ ಕ್ಯಾಟಲಾಗ್ ಒಂದಿಲ್ಲ, ಅಷ್ಟೇ.

ಇದೆಲ್ಲದರ ಮೇಲೆ 2022ರ ಸೆಪ್ಟೆಂಬರ್ 30ರಂದು ದೈವಾರಾಧನೆಯ ಕಥೆಯ ‘ಕಾಂತಾರ’ ಸಿನಿಮಾ ತೆರೆಕಂಡಿತು. ಅಲ್ಲಿಯವರೆಗೆ ಭಂಡಾರದಲ್ಲೋ ಪರದೇಶದ ಗಾಜಿನ ಪೆಟ್ಟಿಗೆಯಲ್ಲೋ ಇದ್ದ ಪಂಜುರ್ಲಿ ಟೀಶರ್ಟು, ಮೊಬೈಲ್ ಕವರು, ಕಾರಿನ ಗಾಜು, ಫೈಬರಿನ ಶೋಪೀಸಿನ ಮೇಲೆ ಬಂದು ಕುಳಿತ. ಕೊರಗ ಕುಲದ ದೈವ ಕೊರಗಜ್ಜನ ಚಿತ್ರ ಅದಕ್ಕೂ ಮೊದಲೇ ರಿಕ್ಷಾಗಳ ಹಿಂದೆ ಜಾಗ ಹಿಡಿದಿತ್ತು. ಅಜ್ಜನನ್ನು ಕೈಮುಗಿದು ನೆನೆಯುವ ಊರು ಅವನ ಕುಲದವರನ್ನು ನಡೆಸಿಕೊಂಡ ಬಗೆ ಬೇರೆಯೇ ಮಾತು. ಶಾಲೆಯ ಛದ್ಮವೇಷದಲ್ಲಿ, ಮೆರವಣಿಗೆಯ ಸ್ತಬ್ಧಚಿತ್ರದಲ್ಲಿ ದೈವದ ವೇಷ ಕಟ್ಟುವುದನ್ನು ದೈವನರ್ತಕ ಸಮುದಾಯಗಳು ಬಲವಾಗಿ ವಿರೋಧಿಸಿವೆ, ದೂರು ಕೊಟ್ಟದ್ದೂ ಉಂಟು. ಅವರ ವಾದದಲ್ಲಿ ತಿರುಳಿದೆ: ತಲೆಮಾರುಗಳ ಕಾಲ ಈ ಕಟ್ಟಳೆಯ ಭಾರ ಹೊತ್ತವರು ಅವರು, ಚಿತ್ರ ಮಾರಿ ಲಾಭ ಮಾಡಿಕೊಂಡವರು ಬೇರೆಯವರು.

ಇನ್ನೊಂದು ಕಡೆ ಕಳವಿನ ಕಾಟ. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನು ಪರವಾನಗಿಯಿಲ್ಲದೆ ಹೊರದೇಶಕ್ಕೆ ಸಾಗಿಸುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಿದ್ದೂ ಒಂಟಿ ಗುಡ್ಡದ ಗುಡಿಯಲ್ಲಿ ಹಳೆಯ ಕಂಚಿನ ಮೊಗ ಇಡಲು ಊರಿನವರಿಗೆ ಧೈರ್ಯ ಸಾಲದು. ಹಳೆಯದು ಬ್ಯಾಂಕಿನ ಲಾಕರಿಗೆ ಹೋಗಿ, ನೇಮಕ್ಕೆ ಹೊಸ ಬೆಳ್ಳಿಯ ಮೊಗ ಬರುವುದು ಈಗ ಅಪರೂಪವಲ್ಲ. ಅಂದರೆ ಹಳೆಯ ಕೆಲಸ ಊರಿನಲ್ಲೇ ಇದ್ದೂ ಊರಿನವರ ಕಣ್ಣಿಗೆ ಬೀಳುವುದು ಮೊದಲಿಗಿಂತ ಕಡಿಮೆಯಾಗಿದೆ.

ಕೊಡಿಯಾಲ್‌ಬೈಲಿಗೆ ಬಂದು ಈ ಕಲೆಯ ಜಾಡು ಹಿಡಿಯಬೇಕೆನ್ನುವವರು ಕ್ಯಾಲೆಂಡರ್ ನೋಡಿಕೊಂಡು ಹೊರಡುವುದು ಒಳ್ಳೆಯದು. ಚಾಪೆಲ್, ಅಲೋಶಿಯಂ, ಬಿಜೈಯ ಬಂಗ್ಲೆಗಳನ್ನು ಯಾವ ತಿಂಗಳಲ್ಲಾದರೂ ನೋಡಬಹುದು, ಪಿಲಿಕುಳ, ಬಿ.ಸಿ. ರೋಡ್, ಮಣಿಪಾಲಗಳೂ ದೂರವೇನಲ್ಲ. ಅಣಿ, ಸಿರಿ, ಅರದಾಳದ ಮುಖ ನೋಡಲು ಮಾತ್ರ ನೇಮದ ಕಾಲವೇ ಬೇಕು. ಅದು ಪತ್ತನಾಜೆಗೆ, ತುಳು ಬೇಶ ತಿಂಗಳ ಹತ್ತನೆಯ ದಿನಕ್ಕೆ, ಅಂದರೆ ಮೇ 24ರ ಸುಮಾರಿಗೆ ಮುಗಿಯುತ್ತದೆ. ಅಂದು ಗಗ್ಗರ ಬಿಚ್ಚಿದ ಕಲಾವಿದ ಮಳೆಗಾಲವಿಡೀ ಗದ್ದೆಗೋ ಕೂಲಿಗೋ ನಗರದ ಕೆಲಸಕ್ಕೋ ಹೋಗುತ್ತಾನೆ. ನೇಮಗಳು ಮತ್ತೆ ಆರಂಭವಾಗುವುದು ಮಳೆ ಕಳೆದು ದೀಪಾವಳಿಯ ಹೊತ್ತಿಗೆ. ಎಲ್ಲಿ, ಯಾವತ್ತು ಎಂಬುದನ್ನು ಯಾವ ಗ್ಯಾಲರಿಯ ಸೂಚನಾಫಲಕವೂ ಹೇಳುವುದಿಲ್ಲ, ಊರಿನವರನ್ನೇ ಕೇಳಬೇಕು.